ಟೈಮಿಂಗ್ ಬೆಲ್ಟ್ ತುಂಡಾದ ಎಂಜಿನ್: ಒಳಗೆ ಏನಾಗಿದೆ ಎಂದು ಪತ್ತೆಹಚ್ಚುವ ಕ್ರಮ

ಓಡುತ್ತಿದ್ದ ಎಂಜಿನ್ ಮುನ್ಸೂಚನೆಯಿಲ್ಲದೆ ಒಮ್ಮೆಗೇ ನಿಂತುಹೋಗಿ, ಮತ್ತೆ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಮೋಟಾರ್ ಎಂದಿಗಿಂತ ಹಗುರವಾಗಿ, ಒಂದೇ ಸಮನೆ ಗಿರ್ರೆಂದು ತಿರುಗಿದರೆ, ಪಿಸ್ಟನ್‌ಗಳ ಓಟಕ್ಕೂ ವಾಲ್ವ್‌ಗಳ ಚಲನೆಗೂ ಲೆಕ್ಕ ಹೊಂದಿಸುವ ಹಲ್ಲಿನ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದೆಂಬ ಅನುಮಾನ ಎಲ್ಲಕ್ಕಿಂತ ಮೊದಲು ಬರಬೇಕು. ಸರಿಯಿರುವ ಎಂಜಿನ್ ತಿರುಗುವಾಗ ಪ್ರತಿ ಸಿಲಿಂಡರ್ ಕಂಪ್ರೆಷನ್‌ಗೆ (ಗಾಳಿ ಒತ್ತುವ ಹಂತಕ್ಕೆ) ಬಂದಾಗಲೂ ಸ್ಟಾರ್ಟರ್ ಸ್ವಲ್ಪ ತಡೆದು ಮುಂದೆ ಹೋಗುತ್ತದೆ. ಆ ಏರಿಳಿತವೇ ನಮಗೆ ಪರಿಚಿತವಾದ ಲಯ. ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ನಿಂತುಹೋದಾಗ ಕೆಲವು ವಾಲ್ವ್‌ಗಳು ತೆರೆದ ಸ್ಥಿತಿಯಲ್ಲೇ ಉಳಿಯುವುದರಿಂದ, ಉಳಿದವು ಬಾಗಿದ್ದರೆ ಅಲ್ಲಿಂದಲೂ ಗಾಳಿ ಸೋರುವುದರಿಂದ, ಆ ತಡೆ ಇರುವುದಿಲ್ಲ. ಈ ಸದ್ದನ್ನು ಒಮ್ಮೆ ಕೇಳಿದರೆ ಸಾಕು. ಖಚಿತಪಡಿಸಿಕೊಳ್ಳಲೆಂದು ಎರಡನೆಯ ಬಾರಿ ಕೀಲಿ ತಿರುಗಿಸಬಾರದು, ಏಕೆಂದರೆ ಬೆಲ್ಟ್ ತುಂಡಾದ ಕ್ಷಣದಲ್ಲಿ ಹೇಗೋ ಪಾರಾಗಿದ್ದ ವಾಲ್ವ್‌ಗಳು ಸ್ಟಾರ್ಟರ್ ತಿರುಗಿಸುವ ಕ್ರ್ಯಾಂಕ್ (ಪಿಸ್ಟನ್‌ಗಳಿಗೆ ಜೋಡಿಸಿದ ದಂಡ) ಮೇಲೆತ್ತುವ ಪಿಸ್ಟನ್‌ಗಳಿಂದ ಪೆಟ್ಟು ತಿನ್ನಬಹುದು. ವಾಹನವನ್ನು ತಳ್ಳಿ ಸ್ಟಾರ್ಟ್ ಮಾಡುವುದಾಗಲಿ, ಗೇರಿನಲ್ಲಿಟ್ಟು ಎಳೆಯುವುದಾಗಲಿ ಅಷ್ಟೇ ಅಪಾಯಕಾರಿ.

ಚಲಿಸುತ್ತಿರುವಾಗಲೇ ಎಂಜಿನ್ ಸತ್ತರೆ ಕೂಡಲೇ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕು. ಇಲ್ಲವಾದರೆ ಚಕ್ರಗಳೇ ಗೇರ್‌ಬಾಕ್ಸ್ ಮೂಲಕ ಕ್ರ್ಯಾಂಕನ್ನು ತಿರುಗಿಸುತ್ತ ಹೋಗುತ್ತವೆ, ಆಗ ಬಾಗಿದ ವಾಲ್ವ್‌ನ ತಲೆ ಮುರಿದು ಸಿಲಿಂಡರಿನೊಳಗೆ ಬೀಳುವವರೆಗೂ ಹಾನಿ ಬೆಳೆಯಬಹುದು. ಎಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಒತ್ತಿಗಾಗುವಷ್ಟು ನಿರ್ವಾತ ಮಾತ್ರ ಉಳಿದಿರುತ್ತದೆ, ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಆದ್ದರಿಂದ ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡದೆ ಒಂದೇ ದೃಢ ಒತ್ತಡದಲ್ಲಿ ವಾಹನವನ್ನು ಬದಿಗೆ ತಂದು ನಿಲ್ಲಿಸಬೇಕು.

ಈ ದೋಷದ ತನಿಖೆಯಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು ಎರಡು: ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದಿವೆಯೇ, ಮತ್ತು ಬೆಲ್ಟ್ ಏಕೆ ತುಂಡಾಯಿತು. ಮೊದಲನೆಯದಕ್ಕೆ ಮಾತ್ರ ಉತ್ತರ ಹುಡುಕಿ ಎರಡನೆಯದನ್ನು ಕೈಬಿಟ್ಟ ದುರಸ್ತಿ ಬಹಳ ದಿನ ಬಾಳುವುದಿಲ್ಲ. ಎಷ್ಟೋ ಕಡೆ ಬೆಲ್ಟ್ ಹಳೆಯದಾಗಿತ್ತು ಎಂಬ ಒಂದೇ ಮಾತಿಗೆ ತನಿಖೆ ಮುಗಿದುಬಿಡುತ್ತದೆ. ಹೊಸ ಬೆಲ್ಟನ್ನು ಅದೇ ಸವೆದ ಬೇರಿಂಗ್‌ಗೆ ಸುತ್ತುವ ತಪ್ಪಿಗೆ ದಾರಿಯಾಗುವುದು ಈ ಅವಸರವೇ.

ಬಡಿತ ಏಕೆ ಆಗುತ್ತದೆ

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು ಹಾಕುತ್ತದೆ, ಈ ಲೆಕ್ಕವನ್ನು ಕಾಯುವುದು ಬೆಲ್ಟಿನ ಹಲ್ಲುಗಳು. ಬೆಲ್ಟ್ ಹೋದೊಡನೆ ಕ್ಯಾಮ್ ವಾಲ್ವ್ ಸ್ಪ್ರಿಂಗ್‌ಗಳ ಒತ್ತಡಕ್ಕೆ ಸಿಕ್ಕಿ ಬಹುಬೇಗ ನಿಲ್ಲುತ್ತದೆ, ಕ್ರ್ಯಾಂಕ್ ಮಾತ್ರ ತನ್ನ ತುದಿಯ ಭಾರದ ಚಕ್ರವಾದ ಫ್ಲೈವ್ಹೀಲಿನ ಜಡತ್ವದಿಂದ ತಿರುಗುತ್ತಲೇ ಇರುತ್ತದೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಪ್ರತಿ ಪಿಸ್ಟನ್ ಸೆಕೆಂಡಿಗೆ 50 ಬಾರಿ ಮೇಲಕ್ಕೆ ಬರುತ್ತದೆ. ಆ ದಾರಿಯಲ್ಲಿ ತೆರೆದ ವಾಲ್ವ್ ಅಡ್ಡ ನಿಲ್ಲುವಂತಹ ರಚನೆಯಿದ್ದರೆ ಅದನ್ನು ಇಂಟರ್‌ಫಿಯರೆನ್ಸ್ ಎಂಜಿನ್ ಎನ್ನುತ್ತಾರೆ. ವಾಲ್ವ್ ಪೂರ್ತಿ ತೆರೆದಾಗಲೂ ಪಿಸ್ಟನ್ ತಾಗದಷ್ಟು ಜಾಗವಿದ್ದರೆ ಅದು ನಾನ್-ಇಂಟರ್‌ಫಿಯರೆನ್ಸ್. ಎರಡನೆಯ ಬಗೆಯ ಎಂಜಿನ್ನಿನಲ್ಲಿ ಹೊಸ ಬೆಲ್ಟ್ ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಕಂಪ್ರೆಷನ್ ಅನುಪಾತ ಹೆಚ್ಚಿದ್ದು, ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗಳಿರುವ ಮೇಲಿನ ಮುಚ್ಚಳವಾದ ಹೆಡ್ಡಿಗೂ ಅದಕ್ಕೂ ನಡುವೆ ಉಳಿಯುವ ಅಂತರ ಬಹಳ ಕಡಿಮೆ, ಹಾಗಾಗಿ ಅವು ಬಹುಪಾಲು ಮೊದಲನೆಯ ಬಗೆಯವೇ. ಪೆಟ್ರೋಲ್ ಎಂಜಿನ್‌ಗಳಲ್ಲಿ ಎರಡೂ ಬಗೆಯವು ಇವೆ. ಯಾವುದೆಂದು ಆ ಎಂಜಿನ್ನಿನ ಸರ್ವಿಸ್ ಕೈಪಿಡಿಯಲ್ಲಿಯೋ ಬೆಲ್ಟ್ ತಯಾರಕರ ಪಟ್ಟಿಯಲ್ಲಿಯೋ ನೋಡಿಕೊಳ್ಳಬೇಕು, ತಿಳಿಯುವವರೆಗೆ ಬಡಿದಿದೆ ಎಂದೇ ಭಾವಿಸಿ ನಡೆಯುವುದು ಕ್ಷೇಮ.

ಬೆಲ್ಟ್ ಹೋಗಿದೆಯೆಂದು ಖಚಿತಪಡಿಸಿಕೊಳ್ಳುವುದು

ಒಮ್ಮೆಗೇ ಎಂಜಿನ್ ನಿಲ್ಲುವುದಕ್ಕೆ ಇಂಧನ ಪಂಪಿನ ದೋಷ, ಕ್ರ್ಯಾಂಕ್ ಸೆನ್ಸರಿನ ದೋಷ ಮುಂತಾದ ಸರಳ ಕಾರಣಗಳೂ ಇರುತ್ತವೆ. ಅಂತಹ ಸಂದರ್ಭಗಳಲ್ಲಿ ಸ್ಟಾರ್ಟರಿನ ಲಯ ಎಂದಿನಂತೆಯೇ ಇರುತ್ತದೆ. ಸ್ಟಾರ್ಟರ್ ಅಲುಗಾಡದೆ ಠಕ್ಕೆಂದು ನಿಂತರೆ ಎಂಜಿನ್ ಜಾಮ್ ಆಗಿರಬಹುದು, ಸಿಲಿಂಡರಿಗೆ ನೀರು ನುಗ್ಗಿರಬಹುದು, ಅಥವಾ ಮುರಿದ ವಾಲ್ವ್ ಪಿಸ್ಟನ್ನಿನ ಮೇಲೆ ಸಿಕ್ಕಿಕೊಂಡಿರಬಹುದು. ಸ್ಕ್ಯಾನರ್ ಜೋಡಿಸಿದಾಗ ಕ್ಯಾಮ್ ಸೆನ್ಸರಿಗೆ ಸಂಬಂಧಿಸಿದ ಪಿ0340 ಅಥವಾ ಕ್ರ್ಯಾಂಕ್-ಕ್ಯಾಮ್ ಹೊಂದಾಣಿಕೆಯ ಪಿ0016 ಕೋಡ್ ದೊರೆತರೆ ಅನುಮಾನ ಬಲವಾಗುತ್ತದೆ. ಆದರೆ ಕೋಡ್ ದಾರಿ ತೋರುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆದಿಟ್ಟು, ಟೈಮಿಂಗ್ ಬೆಲ್ಟಿನ ಮೇಲಿನ ಕವರನ್ನು ಬಿಚ್ಚಿ ನೋಡಬೇಕು. ತುಂಡಾದ ಬೆಲ್ಟ್ ಕೂಡಲೇ ಕಣ್ಣಿಗೆ ಬೀಳುತ್ತದೆ. ಮೋಸ ಹೋಗುವುದು ಬೆಲ್ಟ್ ಇಡಿಯಾಗಿಯೇ ಕಾಣುವಾಗ: ಮೇಲೆ ಕ್ಯಾಮ್ ಪುಲ್ಲಿಯ ಸುತ್ತ ಅದು ಬಿಗಿಯಾಗಿಯೇ ಕುಳಿತಿದ್ದು, ಕೆಳಗೆ ಕ್ರ್ಯಾಂಕ್ ಗೇರಿನ ಬಳಿ ಐದಾರು ಹಲ್ಲುಗಳು ಬುಡಸಮೇತ ಕಿತ್ತುಹೋಗಿ, ಗೇರ್ ಆ ನುಣುಪಾದ ಭಾಗದ ಮೇಲೆ ಸುಮ್ಮನೆ ಜಾರುತ್ತಿರಬಹುದು. ಆದ್ದರಿಂದ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಕೆಲವೇ ಡಿಗ್ರಿಗಳಷ್ಟು ಕೈಯಿಂದ ತಿರುಗಿಸಿ ಕ್ಯಾಮ್ ಪುಲ್ಲಿ ಜೊತೆಗೆ ಅಲುಗುತ್ತದೆಯೇ ಎಂದು ನೋಡಬೇಕು. ಗಟ್ಟಿಯಾದ ತಡೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ಉದ್ದನೆಯ ಪೈಪ್ ಹಾಕಿ ಬಲ ಹೆಚ್ಚಿಸುವ ಪ್ರಶ್ನೆಯೇ ಇಲ್ಲ.

ತುಂಡಾದ ಬೆಲ್ಟನ್ನು ಓದುವುದು

ಹೊರತೆಗೆದ ಬೆಲ್ಟನ್ನು ಎಸೆಯಬಾರದು. ಕಾರಣದ ಬಹುಪಾಲು ಅದರ ಮೇಲೆಯೇ ಬರೆದಿರುತ್ತದೆ, ಮತ್ತು ಸಮಯದ ಒತ್ತಡವಿದ್ದರೂ ಈ ಹಂತಕ್ಕೆ ಸಾವಧಾನ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬೆಲ್ಟಿನ ಬಲವಿರುವುದು ರಬ್ಬರಿನೊಳಗೆ ಉದ್ದಕ್ಕೂ ಹಾದುಹೋಗುವ ಗಾಜಿನ ನಾರಿನ ಎಳೆಗಳಲ್ಲಿ. ಹಲ್ಲುಗಳ ಮೇಲೆ ಸವೆತ ತಡೆಯಲು ನೈಲಾನ್ ಬಟ್ಟೆಯ ಹೊದಿಕೆ ಇರುತ್ತದೆ. ಎಳೆಗಳು ಅಡ್ಡಲಾಗಿ, ಕತ್ತರಿಸಿದಂತೆ ನೇರವಾಗಿ ತುಂಡಾಗಿದ್ದರೆ ಜೋಡಿಸುವಾಗ ಬೆಲ್ಟನ್ನು ಚೂಪಾಗಿ ಮಡಚಿದ್ದಿರಬಹುದು ಅಥವಾ ಹೊರಗಿನ ವಸ್ತುವೊಂದು ಗೇರಿಗೂ ಬೆಲ್ಟಿಗೂ ನಡುವೆ ಸಿಕ್ಕಿರಬಹುದು. ತುದಿಗಳು ನಾರುನಾರಾಗಿ ಎದ್ದಿದ್ದರೆ ಅದು ದೀರ್ಘಕಾಲದ ದಣಿವಿನ ಅಥವಾ ಅತಿಯಾದ ಬಿಗಿತದ ಗುರುತು. ಅಂಚೊಂದು ಮಾತ್ರ ಸವೆದು ಕಿರಿದಾಗಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಅಥವಾ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ಬೇರಿಂಗ್ ಓಲಾಡುತ್ತಿದೆ. ಬೆನ್ನಿನ ಮೇಲೆ ಸುಟ್ಟ ಹೊಳಪು ಕಂಡರೆ ಬೆನ್ನಿಗೆ ತಾಗಿ ತಿರುಗಬೇಕಾದ ಐಡ್ಲರ್ ರೋಲರ್ ಅಥವಾ ನೀರಿನ ಪಂಪ್ ಜಾಮ್ ಆಗಿ, ಬೆಲ್ಟ್ ಅದರ ಮೇಲೆ ಉಜ್ಜುತ್ತ ಓಡಿದೆ ಎಂದರ್ಥ.

ಹಲ್ಲುಗಳು ಕಿತ್ತುಬಂದಿದ್ದರೆ ಏನೋ ಒಂದು ತಿರುಗದೆ ತಡೆದಿದೆ ಎಂದು ಮೊದಲು ಅನುಮಾನಿಸಬೇಕು, ಮುಖ್ಯವಾಗಿ ಆಯಿಲ್ ಸಿಗದೆ ಹಿಡಿದುಕೊಂಡ ಕ್ಯಾಮ್‌ಶಾಫ್ಟನ್ನು ಅಥವಾ ಬೆಲ್ಟಿನಿಂದಲೇ ನಡೆಯುವ ಡೀಸೆಲ್ ಪಂಪನ್ನು. ಪಿಸ್ಟನ್‌ಗಳನ್ನು ಮುಂದೆ ಹೇಳುವಂತೆ ಸುರಕ್ಷಿತ ಸ್ಥಾನಕ್ಕೆ ತಂದ ಮೇಲೆ ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಿದರೆ ಇದು ಬೇಗ ಬಯಲಾಗುತ್ತದೆ.

ಬೆಲ್ಟ್ ಮೃದುವಾಗಿ, ಉಬ್ಬಿ, ಎಣ್ಣೆಯ ವಾಸನೆ ಬರುತ್ತಿದ್ದರೆ ಕ್ಯಾಮ್ ಅಥವಾ ಕ್ರ್ಯಾಂಕ್ ಸೀಲಿನ ಸೋರಿಕೆಯೇ ಮೂಲ ಕಾರಣ. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರಿನ ಮೂಲಕ ಈ ಬಗೆಯ ಹಲ್ಲಿನ ಬೆಲ್ಟ್ ಎಂಜಿನ್‌ಗಳಿಗೆ ಬಂದಾಗ, ಚೈನಿಗಿಂತ ಅದರ ಅನುಕೂಲಗಳೆಂದರೆ ಸದ್ದಿಲ್ಲದಿರುವುದು ಮತ್ತು ಆಯಿಲ್ ಬೇಡದಿರುವುದು. ಆಯಿಲ್ ಬೇಡವೆಂದೇ ರೂಪಿಸಿದ ಬೆಲ್ಟಿಗೆ ಆಯಿಲೇ ಶತ್ರು. ಇದಕ್ಕೆ ಅಪವಾದ ಆಯಿಲಿನೊಳಗೇ ಓಡುವಂತೆ ತಯಾರಾದ ಬೆಲ್ಟ್‌ಗಳು. ಅವು ಬೇರೆ ರಬ್ಬರಿನಿಂದ ಮಾಡಿದವು, ಮತ್ತು ಅಂಥವು ಹಾಳಾದರೆ ಉದುರಿದ ರಬ್ಬರ್ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಿಹಾಕುವುದರಿಂದ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿ ಸ್ವಚ್ಛಗೊಳಿಸುವುದು ಅನಿವಾರ್ಯ.

ಇನ್ನೊಂದು ಕಾರಣವನ್ನು ಬಹಳ ಮಂದಿ ಗಮನಿಸುವುದಿಲ್ಲ. ಆಲ್ಟರ್ನೇಟರ್ ನಡೆಸುವ ಹೊರಗಿನ ಬೆಲ್ಟ್ ಸೀಳಿದಾಗ ಅದರ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂಬದಿಯಿಂದ ಕವರಿನೊಳಗೆ ನುಸುಳಿ, ಟೈಮಿಂಗ್ ಬೆಲ್ಟಿನ ಹಲ್ಲುಗಳಡಿಗೆ ಸೇರಿ ಅದನ್ನು ಜಿಗಿಸಿಬಿಡುತ್ತವೆ. ಕೆಳಗಿನ ಕವರಿನೊಳಗೆ ಕಪ್ಪು ದಾರದಂತಹ ಎಳೆಗಳು ಸಿಕ್ಕರೆ ಟೈಮಿಂಗ್ ಬೆಲ್ಟ್ ಇಲ್ಲಿ ಅಪರಾಧಿಯಲ್ಲ.

ವಾಲ್ವ್‌ಗಳ ಪರೀಕ್ಷೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮೊದಲು ಪಿಸ್ಟನ್‌ಗಳನ್ನು ವಾಲ್ವ್‌ಗಳ ದಾರಿಯಿಂದ ದೂರವಿಡಬೇಕು. ಸಾಲಿನಲ್ಲಿ ನಾಲ್ಕು ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಟಿಡಿಸಿ (ಪಿಸ್ಟನ್ ಅತಿ ಮೇಲಿರುವ ಸ್ಥಾನ) ಗುರುತಿನಿಂದ 90 ಡಿಗ್ರಿ ದೂರದಲ್ಲಿದ್ದರೆ ನಾಲ್ಕೂ ಪಿಸ್ಟನ್‌ಗಳು ಸಿಲಿಂಡರಿನ ಸುಮಾರು ನಡುಮಟ್ಟದಲ್ಲಿರುತ್ತವೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಎಲ್ಲವನ್ನೂ ನಡುವಿಗೆ ತರಲಾಗದು. ಒಂದು ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಉಳಿದೆರಡು ಸಮಾನ ಎತ್ತರದಲ್ಲಿ, ವಾಲ್ವ್ ತಾಗದಷ್ಟು ಕೆಳಗಿರುತ್ತವೆ. ಸ್ಪಾರ್ಕ್ ಪ್ಲಗ್ ಅಥವಾ ಡೀಸೆಲ್‌ನಲ್ಲಿ ಗ್ಲೋ ಪ್ಲಗ್ ತೆಗೆದು, ಆ ರಂಧ್ರದಲ್ಲಿ ಮುರಿಯದಂತಹ ತೆಳು ಪ್ಲಾಸ್ಟಿಕ್ ಕಡ್ಡಿ ಇಳಿಸಿ ಮಟ್ಟವನ್ನು ದೃಢಪಡಿಸಿಕೊಳ್ಳಬೇಕು. ಕ್ರ್ಯಾಂಕನ್ನು ಅಲ್ಲಿಗೆ ಒಯ್ಯುವಾಗ ತಡೆ ಸಿಕ್ಕರೆ ವಿರುದ್ಧ ದಿಕ್ಕಿನಿಂದ ಹತ್ತಿರದ ಸುರಕ್ಷಿತ ಸ್ಥಾನವನ್ನು ಹುಡುಕಬೇಕು.

ಇದಾದ ಮೇಲೆ ಕ್ಯಾಮನ್ನು ಸ್ಪ್ಯಾನರಿನಿಂದ ತಿರುಗಿಸಬಹುದು. ಕ್ಯಾಮಿನ ಮೇಲೆ ವಾಲ್ವ್ ಒತ್ತುವ ಉಬ್ಬಾದ ಲೋಬಿನ ತುದಿ ದಾಟಿದ ಕೂಡಲೇ ಸ್ಪ್ರಿಂಗ್ ಅದನ್ನು ಮುಂದಕ್ಕೆ ಎಸೆಯುವುದರಿಂದ ಸ್ಪ್ಯಾನರನ್ನು ಬಿಗಿಯಾಗಿ ಹಿಡಿದಿರಬೇಕು. ಎರಡು ಕ್ಯಾಮ್ ಇರುವ ಕೆಲವು ಎಂಜಿನ್‌ಗಳಲ್ಲಿ ಒಳಹೊಗುವ ಮತ್ತು ಹೊರಹೋಗುವ ವಾಲ್ವ್‌ಗಳು ಪರಸ್ಪರವೇ ತಾಗಬಲ್ಲವು, ಆದ್ದರಿಂದ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿರುಗಿಸುವುದು ಒಳ್ಳೆಯದು.

ಅತ್ಯಂತ ನಂಬಬಹುದಾದ ಪರೀಕ್ಷೆ ಲೀಕ್-ಡೌನ್. ಪರೀಕ್ಷಿಸಬೇಕಾದ ಸಿಲಿಂಡರಿನ ಎಲ್ಲ ವಾಲ್ವ್‌ಗಳ ಮೇಲಿಂದಲೂ ಲೋಬ್‌ಗಳು ಸರಿದಿರುವಂತೆ ಕ್ಯಾಮನ್ನು ನಿಲ್ಲಿಸಿ, ಪ್ಲಗ್ಗಿನ ರಂಧ್ರದ ಮೂಲಕ ಗಾಳಿ ತುಂಬಿ, ಅದು ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಟ್ಟು ಕೇಳಬೇಕು. ಈ ಹಂತದಲ್ಲಿ ಎಚ್ಚರ ಬೇಕು. 80 ಮಿ.ಮೀ. ಬೋರಿನ (ಸಿಲಿಂಡರಿನ ಒಳವ್ಯಾಸ) ಪಿಸ್ಟನ್ ಮೇಲೆ 5 ಬಾರ್ ಗಾಳಿ ಹಾಕಿದರೆ ಸುಮಾರು 250 ಕೆ.ಜಿ. ಭಾರದಷ್ಟು ನೂಕುಬಲ ಬೀಳುತ್ತದೆ, ನಡುಮಟ್ಟದಲ್ಲಿರುವ ಪಿಸ್ಟನ್ ಆ ಬಲದಿಂದ ಕ್ರ್ಯಾಂಕನ್ನು ಒಮ್ಮೆಗೇ ತಿರುಗಿಸಿ ಸ್ಪ್ಯಾನರನ್ನು ಕೈಮೇಲೆ ಎಸೆಯಬಲ್ಲದು. ಬಾಗಿದ ವಾಲ್ವ್ ಪತ್ತೆಮಾಡಲು 1ರಿಂದ 2 ಬಾರ್ ಸಾಕು. ಅಷ್ಟು ಒತ್ತಡಕ್ಕೂ ಫ್ಲೈವ್ಹೀಲನ್ನು ಲಾಕ್ ಮಾಡಿ, ಸ್ಪ್ಯಾನರ್ ತೆಗೆದಿಟ್ಟೇ ಗಾಳಿ ಬಿಡಬೇಕು. ಥ್ರಾಟಲ್ ಬಾಡಿಯಲ್ಲಿ ಸುಂಯ್ ಎಂಬ ಸದ್ದು ಕೇಳಿಸಿದರೆ ಒಳಹೊಗುವ ವಾಲ್ವ್ ಮುಚ್ಚುತ್ತಿಲ್ಲ. ಸೈಲೆನ್ಸರ್ ಪೈಪಿನಲ್ಲಿ ಕೇಳಿಸಿದರೆ ಹೊರಹೋಗುವ ವಾಲ್ವ್. ಆಯಿಲ್ ತುಂಬುವ ಬಾಯಿಂದ ಸಣ್ಣಗೆ ಬರುವ ಗಾಳಿ ಪಿಸ್ಟನ್ ರಿಂಗ್‌ಗಳದ್ದು, ಅದು ಸ್ವಲ್ಪಮಟ್ಟಿಗೆ ಸಹಜ; ಅಲ್ಲಿಂದ ಜೋರಾಗಿ ನುಗ್ಗಿದರೆ ಪಿಸ್ಟನ್ ತೂತಾಗಿರುವ ಸಂಶಯಕ್ಕೆ ಎಡೆಯಿದೆ. ಬಾಗಿದ ವಾಲ್ವ್‌ನ ಸೋರಿಕೆಯಲ್ಲಿ ಅನುಮಾನಕ್ಕೆ ಅವಕಾಶವೇ ಇರುವುದಿಲ್ಲ, ಗೇಜಿನ ಮುಳ್ಳು ಏರುವುದೇ ಇಲ್ಲ. ಸೋರಿಕೆ ಅಲ್ಪವಾಗಿದ್ದರೆ ವಾಲ್ವ್ ಕೂರುವ ಸೀಟಿನ ಮೇಲೆ ಕಾರ್ಬನ್ ಚೂರು ಸಿಕ್ಕಿರಬಹುದು. ಗಾಳಿಯ ಒತ್ತಡ ಇಳಿಸಿ, ಲೋಬಿಗೂ ವಾಲ್ವ್‌ಗೂ ನಡುವಿನ ಟ್ಯಾಪೆಟ್ಟಿನ ಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮತ್ತೊಮ್ಮೆ ಪರೀಕ್ಷಿಸಬೇಕು.

ಗಾಳಿಯ ಕಂಪ್ರೆಸರ್ ಇಲ್ಲದಿದ್ದಾಗ, ಶಿಮ್ (ತೆಳು ಬಿಲ್ಲೆ) ಅಥವಾ ಸ್ಕ್ರೂ ಇರುವ ಟ್ಯಾಪೆಟ್‌ಗಳಲ್ಲಿ ಅಂತರ ಅಳೆಯುವ ಫೀಲರ್ ಗೇಜಿನಿಂದ ಒಳ್ಳೆಯ ಸುಳಿವು ಸಿಗುತ್ತದೆ. ಬಾಗಿದ ವಾಲ್ವ್ ಸೀಟಿನವರೆಗೆ ಏರಲಾರದು, ಅದರ ಮೇಲ್ತುದಿ ತಗ್ಗಿನಲ್ಲೇ ಉಳಿಯುತ್ತದೆ, ಆದ್ದರಿಂದ ಅಲ್ಲಿನ ಅಂತರ ಪಕ್ಕದ ವಾಲ್ವ್‌ಗಳಿಗಿಂತ ಎದ್ದುಕಾಣುವಷ್ಟು ಹೆಚ್ಚಿರುತ್ತದೆ. ಹೈಡ್ರಾಲಿಕ್ ಟ್ಯಾಪೆಟ್‌ಗಳಲ್ಲಿ ಈ ಉಪಾಯ ನಡೆಯದು. ಅವು ತಾವೇ ಉದ್ದವಾಗಿ ಅಂತರವನ್ನು ತುಂಬಿ ದೋಷವನ್ನು ಮುಚ್ಚಿಡುತ್ತವೆ.

ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿದರೆ ಪಿಸ್ಟನ್ನಿನ ತಲೆಯ ಮೇಲಿನ ಕಪ್ಪು ಕಾರ್ಬನ್ ಪದರದಲ್ಲಿ ಅರ್ಧಚಂದ್ರದ ಆಕಾರದ, ಬೆಳ್ಳಗೆ ಹೊಳೆಯುವ ಗೆರೆಗಳು ಕಾಣಬಹುದು. ಅವು ವಾಲ್ವ್ ಅಂಚು ತಾಗಿದ ಗುರುತು. ಗುರುತಿದ್ದರೆ ಬಡಿತ ಆಗಿದೆ ಎಂಬುದು ನಿಶ್ಚಿತ, ಆದರೆ ಗುರುತು ಕಾಣಲಿಲ್ಲವೆಂದ ಮಾತ್ರಕ್ಕೆ ಬಡಿದಿಲ್ಲ ಎನ್ನಲಾಗದು. ವಾಲ್ವ್‌ಗಳು ನೆಟ್ಟಗೆ ನಿಂತಿರುವ ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಪೆಟ್ಟು ದಂಡದ ಉದ್ದಕ್ಕೇ ಬೀಳುವುದರಿಂದ ವಾಲ್ವ್ ಬಾಗದೆ ಅದನ್ನು ಮೇಲಿಂದ ಒತ್ತುವ ಸನ್ನೆಯಾದ ರಾಕರ್ ಮುರಿಯುತ್ತದೆ. ವಾಲ್ವ್ ಕವರ್ ತೆಗೆದಾಗ ಮುರಿದ ರಾಕರ್ ಸಿಕ್ಕರೆ ಅದರ ತುಂಡುಗಳನ್ನು ಜೋಡಿಸಿ, ಒಂದು ಚೂರೂ ಕಾಣೆಯಾಗಿಲ್ಲವೆಂದು ನೋಡಿಕೊಳ್ಳಬೇಕು. ಆದರೆ ರಾಕರ್ ಮುರಿದು ವಾಲ್ವನ್ನು ಉಳಿಸಿದೆ ಎಂದು ನಂಬಿ ಲೀಕ್-ಡೌನ್ ಪರೀಕ್ಷೆಯನ್ನು ಬಿಡುವಂತಿಲ್ಲ.

ಹೊಸ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿ ನೋಡೋಣ ಎಂಬ ಸಲಹೆ ಈ ಹಂತದಲ್ಲಿ ಖಂಡಿತ ಬರುತ್ತದೆ. ನಾನ್-ಇಂಟರ್‌ಫಿಯರೆನ್ಸ್ ಎಂದು ದೃಢಪಟ್ಟ ಎಂಜಿನ್ನಿಗೆ ಅದು ಸರಿ. ಉಳಿದವುಗಳಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ಅಲ್ಪ ಬಾಗಿದ ವಾಲ್ವ್ ಪ್ರತಿ ಬಾರಿ ಸೀಟಿಗೆ ಕೂರುವಾಗಲೂ ತಲೆಯ ಕೆಳಗಿನ ಕುತ್ತಿಗೆಯಲ್ಲಿ ಬಾಗಿ ನೆಟ್ಟಗಾಗುತ್ತ ಲೋಹ ದಣಿಯುತ್ತದೆ, ಮುಂದೊಂದು ದಿನ ತಲೆ ಕಳಚಿ ಬಿದ್ದರೆ ಪಿಸ್ಟನ್, ಸಿಲಿಂಡರ್, ಹೆಡ್ ಮೂರೂ ಹೋಗುತ್ತವೆ. ಗಾಳಿಯ ಪರೀಕ್ಷೆ ಸಾಧ್ಯವೇ ಇಲ್ಲದಿದ್ದರೆ ಬೆಲ್ಟನ್ನು ಸರಿಯಾದ ಗುರುತಿಗೆ ಹಾಕಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ತಡೆಯಿಲ್ಲವೆಂದು ಖಚಿತವಾದ ಮೇಲೆ ಇಂಧನ ಮತ್ತು ಇಗ್ನಿಷನ್ ಕಡಿದು, ಸ್ಟಾರ್ಟರಿನಿಂದ ಕಂಪ್ರೆಷನ್ ಅಳೆಯಬಹುದು. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್, ಡೀಸೆಲ್‌ನಲ್ಲಿ 20ರಿಂದ 30 ಬಾರ್ ನಿರೀಕ್ಷಿಸಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಹೆಡ್ ಇಳಿಸಲೇಬೇಕು.

ಹೆಡ್ ಇಳಿಸಿದ ಮೇಲೆ

ವಾಲ್ವ್‌ಗಳನ್ನು ಬಿಚ್ಚುವ ಮೊದಲು ಹೆಡ್ಡನ್ನು ತಲೆಕೆಳಗಾಗಿಟ್ಟು ಪ್ರತಿ ದಹನ ಕೊಠಡಿಗೆ ಸೀಮೆಎಣ್ಣೆ ಸುರಿದರೆ ಸೋರುವ ಪೋರ್ಟ್ ತಾನೇ ತೋರುತ್ತದೆ. ಬಿಚ್ಚಿದ ವಾಲ್ವನ್ನು ವಿ-ಬ್ಲಾಕ್ ಮೇಲಿಟ್ಟು ತಿರುಗಿಸುತ್ತ ತಲೆಯ ಅಂಚಿಗೆ ಡಯಲ್ ಗೇಜ್ ಹಿಡಿದಾಗ ಕಣ್ಣಿಗೆ ನೆಟ್ಟಗೆ ಕಂಡ ವಾಲ್ವ್ ಕೂಡ ಓಲಾಡುವುದು ಅಪರೂಪವಲ್ಲ. ಬಾಗಿದ ವಾಲ್ವನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಯಾವ ಕಾರಣಕ್ಕೂ ಕೂಡದು. ಪಿಸ್ಟನ್ ತಾಗಿದ ಗುರುತಿರುವ ಪ್ರತಿ ವಾಲ್ವನ್ನೂ, ಸೋರದಿದ್ದರೂ, ಬದಲಿಸುವುದು ಸರಿ. ಬಾಗಿದ ದಂಡವನ್ನು ಅದು ಜಾರುವ ಕೊಳವೆಯಾದ ಗೈಡಿನಿಂದ ಜಗ್ಗಿ ಎಳೆದರೆ ಗೈಡ್ ಹಾಳಾಗುವುದರಿಂದ, ಅದು ಹೊರಬರದಿದ್ದರೆ ದಂಡವನ್ನೇ ಕತ್ತರಿಸಿ ತೆಗೆಯಬೇಕು. ಗೈಡುಗಳಲ್ಲಿ ಬಿರುಕು, ಕ್ಯಾಮ್ ಲೋಬುಗಳಲ್ಲಿ ಏಟು, ಹೆಡ್ಡಿನ ಮೇಲ್ಮೈಯ ಸಮತಟ್ಟು ಇವನ್ನೂ ನೋಡಬೇಕು.

ಕೆಳಗಿನ ಭಾಗವನ್ನು ಮರೆಯುವವರೇ ಹೆಚ್ಚು. ಪಿಸ್ಟನ್ ತಲೆಯ ಮೇಲಿನ ಆಳವಿಲ್ಲದ ಗುರುತುಗಳ ಚೂಪು ಅಂಚನ್ನು ನಯಗೊಳಿಸಿದರೆ ಸಾಕಾಗುತ್ತದೆ. ಬಿರುಕು ಇದ್ದರೆ, ರಿಂಗಿನ ತೋಡು ಚಪ್ಪಟೆಯಾಗಿದ್ದರೆ ಪಿಸ್ಟನ್ ಬದಲಾಗಬೇಕು. ಡೀಸೆಲ್‌ನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆಯೂ ಇದೆ. ಪ್ರತಿ ಪಿಸ್ಟನ್ನನ್ನು ಟಿಡಿಸಿಗೆ ತಂದು ಬ್ಲಾಕಿನ ಮೇಲ್ಮೈಯಿಂದ ಅದು ಎಷ್ಟು ಮೇಲಿದೆ ಅಥವಾ ಕೆಳಗಿದೆ ಎಂದು ಡಯಲ್ ಗೇಜಿನಿಂದ ಅಳೆದು ಹೋಲಿಸಬೇಕು. ಒಂದು ಮಾತ್ರ ಉಳಿದವಕ್ಕಿಂತ ತಗ್ಗಿದ್ದರೆ ಆ ರಾಡ್ ಗಿಡ್ಡವಾಗಿದೆ, ಅಂದರೆ ಬಾಗಿದೆ.

ಮರುಜೋಡಣೆ

ಬೆಲ್ಟಿನ ಜೊತೆಗೆ ಟೆನ್ಷನರ್, ಎಲ್ಲ ಐಡ್ಲರ್‌ಗಳು, ಟೈಮಿಂಗ್ ಬೆಲ್ಟಿನಿಂದ ನಡೆಯುವ ನೀರಿನ ಪಂಪ್, ಸೋರುವ ಸೀಲುಗಳು ಮತ್ತು ಒಮ್ಮೆ ಮಾತ್ರ ಬಳಸಬೇಕಾದ ಬೋಲ್ಟ್‌ಗಳು ಹೊಸದಾಗಿರಬೇಕು. ಪೇಂಟಿನಿಂದ ಹಾಕಿಕೊಂಡ ಗುರುತುಗಳನ್ನು ನಂಬದೆ ಆ ಎಂಜಿನ್ನಿಗೆ ನಿಗದಿಯಾದ ಲಾಕಿಂಗ್ ಉಪಕರಣಗಳನ್ನು ಬಳಸಬೇಕು, ವಿಶೇಷವಾಗಿ ಕ್ರ್ಯಾಂಕ್ ಗೇರಿಗೆ ಕೀ (ಜಾರದಂತೆ ತಡೆಯುವ ಲೋಹದ ತುಂಡು) ಇಲ್ಲದೆ ಬೋಲ್ಟಿನ ಬಿಗಿತವೇ ಆಧಾರವಾಗಿರುವ ಎಂಜಿನ್‌ಗಳಲ್ಲಿ. ಟೆನ್ಷನರನ್ನು ಎಂಜಿನ್ ತಣ್ಣಗಿರುವಾಗಲೇ ಹೊಂದಿಸಬೇಕು. ನಂತರ ಕೈಯಿಂದ ಎರಡು ಸುತ್ತು ತಿರುಗಿಸಿ, ಲಾಕ್ ಪಿನ್‌ಗಳು ಮತ್ತೆ ತಮ್ಮ ರಂಧ್ರಕ್ಕೆ ಸಲೀಸಾಗಿ ಇಳಿಯುತ್ತವೆಯೇ, ಟೆನ್ಷನರಿನ ಸೂಚಿ ತನ್ನ ಜಾಗದಲ್ಲೇ ಇದೆಯೇ ಎಂದು ನೋಡಬೇಕು. ಒಂದು ಹಲ್ಲಿನ ವ್ಯತ್ಯಾಸ ಕಂಡರೂ ಬಿಚ್ಚಿ ಮತ್ತೆ ಮೊದಲಿನಿಂದ ಹಾಕಬೇಕು.

ಹೆಡ್ ಬಿಚ್ಚಿದ ಎಂಜಿನ್ನಿಗೆ ಆಯಿಲ್ ಮತ್ತು ಫಿಲ್ಟರ್ ಹೊಸದಾಗಿರಲಿ. ಮೊದಲು ಇಂಧನ ಕಡಿದಿಟ್ಟು, ಆಯಿಲ್ ಒತ್ತಡ ಏರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಬೇಕು. ಹೈಡ್ರಾಲಿಕ್ ಟ್ಯಾಪೆಟ್‌ಗಳು ಆರಂಭದಲ್ಲಿ ಕೆಲವು ನಿಮಿಷ ಟಕಟಕ ಸದ್ದು ಮಾಡಿ ಸುಮ್ಮನಾಗುವುದು ಸಹಜ. ಲೋಹ ಬಡಿಯುವ ಸದ್ದು ಬಂದರೆ ತಕ್ಷಣ ಆಫ್ ಮಾಡಬೇಕು. ಬೆಲ್ಟ್ ಬದಲಿಸಿದ ದಿನಾಂಕ ಮತ್ತು ಕಿಲೋಮೀಟರ್ ಅಂಕಿಯನ್ನು ಅಳಿಸಿಹೋಗದ ಶಾಯಿಯಿಂದ ಕವರಿನ ಮೇಲೆ ಬರೆದಿಡಬೇಕು. ಮುಂದಿನ ಬದಲಾವಣೆಗೆ ತಯಾರಕರು ಕೊಟ್ಟಿರುವ ಕಿಲೋಮೀಟರ್ ಮತ್ತು ವರ್ಷಗಳಲ್ಲಿ ಯಾವುದು ಮೊದಲು ತುಂಬುತ್ತದೆಯೋ ಅದನ್ನೇ ಗಡುವಾಗಿ ಹಿಡಿಯಬೇಕು, ಏಕೆಂದರೆ ವಾಹನ ಹೆಚ್ಚು ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.